ನೂರು ಗಜದ ಕೋವಿ: ಹಳೆಯ ಲಿವರ್ ರೈಫಲ್‌ಗಳ ಗುರಿ ಮತ್ತು ಸೆಳೆತ

(ಪೆನ್ಸಿಲ್ವೇನಿಯಾದಲ್ಲಿ ಕನ್ನಡ ಗೆಳೆಯರು ಸೇರಿದ್ದ ಕಡೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಕರೆದವರು ಒಂದು ಪ್ರಶ್ನೆಯನ್ನೂ ಜೊತೆಗೇ ಕಳಿಸಿದ್ದರು. "ಹಳೇ ಲಿವರ್ ರೈಫಲ್ ನೋಡೋಕೆ ಚೆಂದ, ಆದ್ರೆ ಗುರಿ ಅಷ್ಟಕ್ಕಷ್ಟೆ ಅಂತಾರೆ. ನಿಜಾನಾ?" ಲಿವರ್ ರೈಫಲ್ ಅಂದರೆ ಟ್ರಿಗರ್ ಸುತ್ತಲಿನ ಬಳೆಯನ್ನು ತಳ್ಳಿ ಎಳೆದು ತೋಟಾ ಏರಿಸುವ ಕೋವಿ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮೇಜಿನ ಮೇಲೆ ಮರಳಿನ ಚೀಲ ಇಟ್ಟುಕೊಂಡು, ಬಿಡುವಿಲ್ಲದೆ ಐದಾರು ಈಡು ಹೊಡೆದು, ಕಾಗದದ ಮೇಲಿನ ತೂತುಗಳನ್ನು ಅಳೆದರೆ ಇವು ಬೋಲ್ಟ್ ರೈಫಲ್‌ಗಿಂತ (ಪಕ್ಕದ ಹಿಡಿಯನ್ನು ಎತ್ತಿ ಹಿಂದಕ್ಕೆಳೆದು ತೋಟಾ ಏರಿಸುವ ಕೋವಿ) ಹಿಂದೆ. ಅದು ನಿಜ. ಆದರೆ ಕಾಡಿನಲ್ಲಿ ನಿಂತು, ನೂರು ಗಜದೊಳಗೆ, ತಣ್ಣಗಿರುವ ನಳಿಗೆಯಿಂದ ಮೊದಲ ಈಡು ಎಲ್ಲಿ ಬೀಳುತ್ತದೆ ಅಂತ ಕೇಳಿದರೆ ಇವು ಯಾವುದಕ್ಕೂ ಕಡಿಮೆ ಇಲ್ಲ. ಇನ್ನೊಂದು ಮಾತು. ಈ ಕೋವಿಯ ಗುರಿಯನ್ನು ಸ್ವಲ್ಪ ಕೆಡಿಸುವ ಭಾಗಗಳು ಯಾವುವೋ, ಇದನ್ನು ಕೈಗೆ ಇಷ್ಟವಾಗಿಸುವ ಭಾಗಗಳೂ ಅವೇ. ಒಂದನ್ನು ತೆಗೆದರೆ ಇನ್ನೊಂದೂ ಹೋಗುತ್ತದೆ. ನನಗೆ ಇವುಗಳ ಮೇಲೆ ಪ್ರೀತಿ ಹುಟ್ಟಿದ್ದೇ ಈ ಕಾರಣಕ್ಕೆ.

ಮಲೆನಾಡು, ಕೊಡಗಿನ ಕಡೆಯಿಂದ ಬಂದವರು ಇಲ್ಲಿದ್ದೀರಿ. ನೀವು ಮನೆಯಲ್ಲಿ ಕಂಡದ್ದು ಹೆಚ್ಚಾಗಿ ಒಂಟಿ ನಳಿಗೆ, ಜೋಡಿ ನಳಿಗೆ ಕೋವಿ. ಅದರ ನಳಿಗೆ ಒಳಗೆ ನುಣ್ಣಗಿರುತ್ತದೆ, ಚರೆ ಹಾರಿಸುತ್ತದೆ. ರೈಫಲ್ ನಳಿಗೆಯೊಳಗೆ ಸುರುಳಿಯಾಗಿ ಗೀರು ಕೊರೆದಿರುತ್ತಾರೆ. ಗುಂಡು ಒಂದೇ ಒಂದು, ತಿರುಗುತ್ತಾ ಹೋಗುತ್ತದೆ, ಅದಕ್ಕೇ ನೇರ ಹೋಗುತ್ತದೆ. ಭಾರತದಲ್ಲಿ 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು. ಇವತ್ತಿನ ಮಾತು ಅಮೆರಿಕದ ಕಾಡಿನದು. ಇಲ್ಲಿ ಲೈಸೆನ್ಸ್, ಋತು, ಮಿತಿ ಎಲ್ಲ ಇಟ್ಟುಕೊಂಡು ಜಿಂಕೆ ಬೇಟೆ ಇನ್ನೂ ನಡೆಯುತ್ತದೆ. ಥ್ಯಾಂಕ್ಸ್‌ಗಿವಿಂಗ್ ಮುಗಿದ ಸೋಮವಾರ ನಮ್ಮ ಪೆನ್ಸಿಲ್ವೇನಿಯಾದ ಹಳ್ಳಿಗಾಡಿನ ಎಷ್ಟೋ ಶಾಲೆಗಳಿಗೆ ರಜೆ ಕೊಡುವುದು ಇದಕ್ಕೇ ಅಂತ ನಿಮ್ಮ ಮಕ್ಕಳೇ ಹೇಳುತ್ತಾರೆ.

ಈಗ ಕೋವಿಗೆ ಬರೋಣ. ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಆಲಿವರ್ ವಿಂಚೆಸ್ಟರ್ ಎಂಬ ಅಂಗಿ ತಯಾರಿಸುವ ವ್ಯಾಪಾರಿ ಇದ್ದ. ನಷ್ಟದಲ್ಲಿದ್ದ ಒಂದು ಕೋವಿ ಕಂಪನಿಗೆ ದುಡ್ಡು ಹಾಕಿ, ಕೊನೆಗೆ ಅದನ್ನು ತಾನೇ ಕೊಂಡ. ಅವನ ಕಾರ್ಖಾನೆಯ ಬೆಂಜಮಿನ್ ಟೈಲರ್ ಹೆನ್ರಿ 1860ರಲ್ಲಿ ಒಂದು ರೈಫಲ್‌ಗೆ ಪೇಟೆಂಟ್ ಪಡೆದ. ನಳಿಗೆಯ ಕೆಳಗೆ ಉದ್ದ ಕೊಳವೆ, ಅದರೊಳಗೆ ಸಾಲಾಗಿ 16 ತೋಟಾ. ಟ್ರಿಗರ್ ಸುತ್ತ ಇರುವ ಬಳೆಯೇ ಲಿವರ್. ಅದನ್ನು ಕೆಳಗೆ ತಳ್ಳಿದರೆ ಖಾಲಿ ತೋಟಾ ಹೊರಗೆ ಹಾರುತ್ತದೆ, ಕುದುರೆ (ಬಡಿದು ಈಡು ಹಾರಿಸುವ ಸುತ್ತಿಗೆ) ಏರುತ್ತದೆ, ಹೊಸ ತೋಟಾ ಮೇಲೆ ಬರುತ್ತದೆ. ಮೇಲೆ ಎಳೆದರೆ ತೋಟಾ ನಳಿಗೆಯೊಳಗೆ ಕೂರುತ್ತದೆ. ಅಷ್ಟೇ. ಆ ಕಾಲದ ಸಿಪಾಯಿ ನಳಿಗೆಯ ಬಾಯಿಂದ ಮದ್ದು ತುಂಬಿ ನಿಮಿಷಕ್ಕೆ ಎರಡು ಮೂರು ಈಡು ಹೊಡೆಯುತ್ತಿದ್ದ. ಈ ಕೋವಿ ಅವನಿಗೆ ಹೇಗೆ ಕಂಡಿರಬೇಕು ಯೋಚಿಸಿ!

1866ರಲ್ಲಿ ಹಿತ್ತಾಳೆ ಮೈಯ ಮಾದರಿ ಬಂತು. ಪಕ್ಕದಲ್ಲಿ ಒಂದು ಪುಟ್ಟ ಬಾಗಿಲು, ಅಲ್ಲಿಂದಲೇ ತೋಟಾ ತುಂಬಬಹುದು. ಆಮೇಲೆ ಎಲ್ಲರೂ ಹೆಸರು ಕೇಳಿರುವ 1873ರ ಮಾದರಿ. ಅಮೆರಿಕದ ಪಶ್ಚಿಮವನ್ನು ಗೆದ್ದ ಕೋವಿ ಅಂತ ಇದನ್ನು ಹೊಗಳುತ್ತಾರೆ. ಆ ಮಾತು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಯಾರ ನೆಲವನ್ನು ಗೆದ್ದದ್ದು ಅನ್ನುವುದೂ ಮುಖ್ಯ ಅಲ್ವಾ? 1876ರಲ್ಲಿ ಲಿಟಲ್ ಬಿಗ್‌ಹಾರ್ನ್ ಕದನದಲ್ಲಿ ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ಸೈನ್ಯದ ಕೈಯಲ್ಲಿ ಇದ್ದದ್ದು ಒಂದೊಂದೇ ತೋಟಾ ಹಾಕುವ ಕೋವಿ. ಎದುರಿಗಿದ್ದ ಲಕೋಟಾ, ಶಾಯೆನ್ ಬುಡಕಟ್ಟುಗಳ ಮೂಲನಿವಾಸಿ ಹೋರಾಟಗಾರರಲ್ಲಿ ಹಲವರ ಕೈಯಲ್ಲಿ ಹೆನ್ರಿ, ವಿಂಚೆಸ್ಟರ್ ಇದ್ದವು. 1980ರ ದಶಕದಲ್ಲಿ ಅಲ್ಲಿ ಅಗೆದಾಗ ಆ ಖಾಲಿ ತೋಟಾಗಳು ಮಣ್ಣಿನಲ್ಲೇ ಸಿಕ್ಕವು.

ಈ ಮೊದಲ ಮಾದರಿಗಳಿಗೆ ಒಂದು ಮಿತಿ ಇತ್ತು. ಒಳಗೆ ಬೋಲ್ಟನ್ನು (ತೋಟಾದ ಹಿಂದೆ ನಳಿಗೆಯನ್ನು ಮುಚ್ಚುವ ಉಕ್ಕಿನ ತುಂಡು) ಹಿಡಿದು ನಿಲ್ಲಿಸುತ್ತಿದ್ದದ್ದು ಮೊಣಕಾಲಿನ ಹಾಗೆ ಮಡಚುವ ಎರಡು ಕೊಂಡಿಗಳು. ಕಾಲು ನೇರ ಇದ್ದಾಗ ಭಾರ ತಡೆಯುತ್ತದೆ, ಆದರೆ ಎಷ್ಟು ತಡೆದೀತು? ಅದಕ್ಕೇ ಅವು ಪಿಸ್ತೂಲಿನ ಶಕ್ತಿಯ ತೋಟಾಗಳಿಗೆ ಸರಿ. 1873ರ .44-40 ತೋಟಾ 200 ಗ್ರೇನ್ (ಸುಮಾರು 13 ಗ್ರಾಂ) ಗುಂಡನ್ನು ಸೆಕೆಂಡಿಗೆ ಸುಮಾರು 1,250 ಅಡಿ ವೇಗದಲ್ಲಿ ಕಳಿಸುತ್ತಿತ್ತು. ನೂರು ಗಜ ದಾಟಿದರೆ ಆ ಗುಂಡು ಬೇಗ ಕೆಳಗಿಳಿಯುತ್ತದೆ. ಆದರೂ ಗುರಿಯ ಬಗ್ಗೆ ಕಂಪನಿಗೆ ಕಾಳಜಿ ಇತ್ತು. ಪರೀಕ್ಷೆಯಲ್ಲಿ ತುಂಬಾ ಚೆನ್ನಾಗಿ ಬಂದ ನಳಿಗೆಗಳನ್ನು ಬೇರೆ ಇಟ್ಟು, 'ಸಾವಿರದಲ್ಲಿ ಒಂದು' ಅಂತ ಗುರುತು ಕೆತ್ತಿ, 100 ಡಾಲರ್‌ಗೆ ಮಾರುತ್ತಿದ್ದರು. ಇವತ್ತು ಅಂಥದ್ದೊಂದು ಸಿಕ್ಕರೆ ಮ್ಯೂಸಿಯಂಗಳೇ ಮುಂದೆ ಬಂದು ನಿಲ್ಲುತ್ತವೆ.

ಆಟವನ್ನೇ ಬದಲಾಯಿಸಿದವನು ಯೂಟಾದ ಆಗ್ಡೆನ್ ಊರಿನ ಜಾನ್ ಬ್ರೌನಿಂಗ್. ಅಪ್ಪನೂ ಕೋವಿ ಮಾಡುವವನೇ. ವಿಂಚೆಸ್ಟರ್ ಕಂಪನಿಯವರು 1883ರಲ್ಲಿ ಅಷ್ಟು ದೂರ ಹೋಗಿ ಅವನ ಒಂದು ವಿನ್ಯಾಸವನ್ನು 8,000 ಡಾಲರ್‌ಗೆ ಕೊಂಡರು. ಮುಂದೆ 1886, 1892, 1894, 1895ರ ಲಿವರ್ ಮಾದರಿಗಳೆಲ್ಲ ಅವನ ತಲೆಯಿಂದಲೇ ಬಂದವು. ಮಡಚುವ ಕೊಂಡಿಗಳನ್ನು ಅವನು ಬಿಟ್ಟೇಬಿಟ್ಟ. ಅದರ ಬದಲು ಗಟ್ಟಿ ಉಕ್ಕಿನ ತುಂಡು ಲಿವರ್ ಜೊತೆ ಮೇಲೆ ಕೆಳಗೆ ಜಾರುತ್ತದೆ. ಮೇಲೆ ಬಂದಾಗ ಬೋಲ್ಟಿನ ಹಿಂದೆ ಅಡ್ಡ ನಿಲ್ಲುತ್ತದೆ. ನಾನು ಮೆಕ್ಯಾನಿಕಲ್ ಓದಿದವನು. 1894ರ ಮಾದರಿಯನ್ನು ಬಿಚ್ಚಿ ಮೇಜಿನ ಮೇಲೆ ಹರಡಿದಾಗ, ಇಷ್ಟು ಕಡಿಮೆ ಭಾಗಗಳಲ್ಲಿ ಇಷ್ಟೊಂದು ಕೆಲಸ ಮಾಡಿಸಿದ್ದಾನಲ್ಲ ಅಂತ ಪ್ರತಿ ಸಲವೂ ಬೆರಗಾಗುತ್ತದೆ.

1895ರಲ್ಲಿ ಆ ಮಾದರಿಗೆ .30-30 ತೋಟಾ ಬಂತು. ಹೊಗೆ ಇಲ್ಲದ ಹೊಸ ಮದ್ದು ತುಂಬಿದ, ಬೇಟೆಗೆಂದೇ ಮಾಡಿದ ಅಮೆರಿಕದ ಮೊದಲ ತೋಟಾಗಳಲ್ಲಿ ಅದೂ ಒಂದು. ಅದರ ಒತ್ತಡ ತಡೆಯಲು ನಳಿಗೆಗೆ ನಿಕಲ್ ಬೆರೆಸಿದ ಉಕ್ಕು ಬೇಕಾಯಿತು. ಇವತ್ತಿನ ಲೆಕ್ಕದಲ್ಲಿ 170 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 2,200 ಅಡಿ ಹೋಗುತ್ತದೆ. ಈಗಿನ ಕಾಲಕ್ಕೆ ಇದು ಜಾಸ್ತಿ ಅಲ್ಲ. ಜಿಂಕೆಗೆ ಮಾತ್ರ ಧಾರಾಳ ಸಾಕು. 1894ರ ಮಾದರಿ 70 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಹತ್ತು ಲಕ್ಷದ ಕೋವಿಯನ್ನು 1927ರಲ್ಲಿ ಅಧ್ಯಕ್ಷ ಕೂಲಿಡ್ಜ್‌ಗೆ ಕೊಟ್ಟರು. ಇಪ್ಪತ್ತು ಲಕ್ಷದ್ದು 1953ರಲ್ಲಿ ಐಸೆನ್‌ಹೋವರ್‌ಗೆ ಹೋಯಿತು.

ಹಾಗಾದರೆ ಗುರಿ ಎಲ್ಲಿ ಕೆಡುತ್ತದೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲನೆಯದು ಆ ಕೊಳವೆ. ಅದು ನಳಿಗೆಗೆ ಅಂಟಿಕೊಂಡಂತೆ ಇರುತ್ತದೆ. ಕಾರ್ಬೈನ್ ಎಂಬ ಗಿಡ್ಡ ನಳಿಗೆಯ ಮಾದರಿಯಲ್ಲಿ ಎರಡನ್ನೂ ಉಕ್ಕಿನ ಪಟ್ಟಿ ಹಾಕಿ ಬಿಗಿದಿರುತ್ತಾರೆ. ಈಡು ಹೊಡೆದಾಗ ನಳಿಗೆ ನಡುಗುತ್ತದೆ. ಎಲ್ಲ ನಳಿಗೆಯೂ ನಡುಗುತ್ತದೆ. ಪ್ರತಿ ಸಲ ಒಂದೇ ಥರ ನಡುಗಿದರೆ ಗುಂಡು ಒಂದೇ ಕಡೆ ಬೀಳುತ್ತದೆ. ಬೋಲ್ಟ್ ರೈಫಲ್‌ನಲ್ಲಿ ನಳಿಗೆಯನ್ನು ಯಾವುದೂ ಮುಟ್ಟದ ಹಾಗೆ ಬಿಡಬಹುದು. ಇಲ್ಲಿ ಹಾಗಾಗದು. ಕೊಳವೆಯಲ್ಲಿ ತೋಟಾ ಖಾಲಿಯಾಗುತ್ತಾ ಹೋದಂತೆ ತೂಕ ಬದಲಾಗುತ್ತದೆ. ನಳಿಗೆ ಬಿಸಿಯಾಗಿ ಹಿಗ್ಗುತ್ತದೆ, ಕೊಳವೆ ಅಷ್ಟು ಬಿಸಿಯಾಗುವುದಿಲ್ಲ, ನಡುವೆ ಪಟ್ಟಿ ಎಳೆದು ಹಿಡಿಯುತ್ತದೆ. ಆಗ ಗುಂಡುಗಳು ಕಾಗದದ ಮೇಲೆ ಒಂದೊಂದಾಗಿ ಜಾಗ ಬದಲಿಸುತ್ತಾ ಹೋಗುತ್ತವೆ.

ಎರಡನೆಯದು ಮರ. ಬೋಲ್ಟ್ ರೈಫಲ್‌ಗೆ ಹಿಂದಿನಿಂದ ಮುಂದಿನವರೆಗೆ ಒಂದೇ ಮರದ ಸ್ಟಾಕ್. ಲಿವರ್‌ಗೆ ನಡುವೆ ಜಾಗ ಬೇಕಲ್ಲ, ಹಾಗಾಗಿ ಇಲ್ಲಿ ಹಿಂದೊಂದು ತುಂಡು, ಮುಂದೊಂದು ತುಂಡು. ಮುಂದಿನ ತುಂಡನ್ನು ನೀವು ಮರಳು ಚೀಲದ ಮೇಲೆ ಒತ್ತಿದರೆ ಆ ಒತ್ತಡ ನಳಿಗೆಗೇ ಹೋಗುತ್ತದೆ. ಮೂರನೆಯದು, ಬೋಲ್ಟ್ ಹಿಂದಿನಿಂದ ಮಾತ್ರ ಬೀಗ ಹಾಕಿಕೊಳ್ಳುತ್ತದೆ. ಒತ್ತಡ ಬಿದ್ದಾಗ ಉಕ್ಕು ಕೂದಲೆಳೆಯಷ್ಟು ಕುಗ್ಗುತ್ತದೆ. .30-30ರ ಗರಿಷ್ಠ ಒತ್ತಡ 42,000 ಪಿಎಸ್ಐ (ಚದರ ಇಂಚಿಗೆ ಪೌಂಡ್). ಈಗಿನ .308 ತೋಟಾದ್ದು 62,000. ಹಳೆ ವಿನ್ಯಾಸ ಮೊದಲನೆಯದಕ್ಕೆ ಸರಿ, ಎರಡನೆಯದನ್ನು ಅದರ ಮೇಲೆ ಹೇರಬಾರದು.

ಗುಂಡಿನ ಮೂತಿಯ ವಿಷಯವೂ ಇದೆ. ಕೊಳವೆಯೊಳಗೆ ತೋಟಾಗಳು ಒಂದರ ಹಿಂದೆ ಒಂದು ಮಲಗಿರುತ್ತವೆ. ಹಿಂದಿನ ಗುಂಡಿನ ತುದಿ ಮುಂದಿನ ತೋಟಾದ ಕೇಪಿನ (ಬಡಿದರೆ ಕಿಡಿ ಹೊತ್ತಿಸುವ ಹಿಂಬದಿಯ ಬಿಲ್ಲೆ) ಮೇಲೇ ಕೂರುತ್ತದೆ. ಚೂಪು ಗುಂಡು ಹಾಕಿದರೆ, ಈಡಿನ ಹಿಂದೊದೆತಕ್ಕೆ ಅದೇ ಕೇಪನ್ನು ಕುಟ್ಟಿ, ಕೊಳವೆಯೊಳಗೇ ತೋಟಾ ಸಿಡಿಯಬಹುದು. ಅದಕ್ಕೇ ಚಪ್ಪಟೆ ಮೂತಿ. ಚಪ್ಪಟೆ ಮೂತಿ ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಈ ನಡುವೆ ಹಾರ್ನಡಿ ಕಂಪನಿ ಮೆತ್ತನೆ ತುದಿಯ ಚೂಪು ಗುಂಡು ತಂದಿದೆ, ಅದನ್ನು ಕೊಳವೆಯಲ್ಲಿ ಹಾಕಬಹುದು. ಅದನ್ನು ಬಿಟ್ಟು ಸಾಮಾನ್ಯ ಚೂಪು ಗುಂಡನ್ನು ದಯವಿಟ್ಟು ಹಾಕಬೇಡಿ.

ಕೊನೆಯದು ಸೈಟ್, ಅಂದರೆ ಗುರಿ ಹಿಡಿಯಲು ನಳಿಗೆಯ ಮೇಲಿರುವ ಮಣಿ ಮತ್ತು ಕಚ್ಚು. ನನ್ನ ಪ್ರಕಾರ ಕೋವಿಯ ಮೇಲೆ ಹೊರಿಸುವ ಅರ್ಧ ತಪ್ಪು ಸೈಟಿನದು. ಒಂದು ಸಣ್ಣ ಲೆಕ್ಕ ಮಾಡಿ. ನಳಿಗೆಯ ತುದಿಯ ಮಣಿ ಒಂದು ಇಂಚಿನ ಹದಿನಾರನೇ ಒಂದು ಭಾಗ ಅಗಲ. 20 ಇಂಚಿನ ನಳಿಗೆ ಇದ್ದರೆ ಅದು ಕಣ್ಣಿನಿಂದ ಸುಮಾರು 33 ಇಂಚು ದೂರ. ನೂರು ಗಜದಲ್ಲಿ ಅದು ಸುಮಾರು 7 ಇಂಚನ್ನು ಮುಚ್ಚಿಬಿಡುತ್ತದೆ. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗವೇ ಸುಮಾರು 8 ಇಂಚು. ಅಂದರೆ ಗುರಿಯನ್ನೇ ಮಣಿ ನುಂಗಿಬಿಟ್ಟಿತು. ಇನ್ನೊಂದು ಲೆಕ್ಕ. ಮುಂದಿನ, ಹಿಂದಿನ ಸೈಟ್ ನಡುವೆ ಸುಮಾರು 16 ಇಂಚು. ಅವೆರಡನ್ನು ಹೊಂದಿಸುವಾಗ ಇಂಚಿನ ನೂರನೇ ಒಂದು ಭಾಗ ತಪ್ಪಿದರೆ, ನೂರು ಗಜದಲ್ಲಿ ಎರಡೂಕಾಲು ಇಂಚು ತಪ್ಪುತ್ತದೆ. ಹಿಂದಿನ ಸೈಟ್ ತೆಗೆದು, ಕಣ್ಣಿನ ಹತ್ತಿರ ಸಣ್ಣ ತೂತಿನ ಪೀಪ್ ಸೈಟ್ ಹಾಕಿ. ದೂರ 25 ಇಂಚಿನಷ್ಟಾಗುತ್ತದೆ. ಅದೇ ತಪ್ಪು ಈಗ ಒಂದೂವರೆ ಇಂಚಿಗೆ ಇಳಿಯುತ್ತದೆ. ಕೋವಿ ಅದೇ, ನಳಿಗೆ ಅದೇ. ಮೇಲಾಗಿ ತೂತಿನ ನಡುವೆ ಮಣಿಯನ್ನು ಕೂರಿಸುವ ಕೆಲಸ ಕಣ್ಣು ತಾನಾಗಿಯೇ ಮಾಡುತ್ತದೆ. ನಲವತ್ತು ದಾಟಿದವರ ಕಣ್ಣಿಗೆ ಇದು ವರದಾನ.

ಇಷ್ಟೆಲ್ಲ ಆದ ಮೇಲೂ ಗುರಿ ಎಷ್ಟು ಬರುತ್ತದೆ ಅಂತೀರಾ? ಒಳ್ಳೆಯ ಸ್ಥಿತಿಯ 1894ರ ಕೋವಿ ತೆರೆದ ಸೈಟ್‌ನಲ್ಲಿ ನೂರು ಗಜಕ್ಕೆ ಸಾಮಾನ್ಯವಾಗಿ ಮೂರು ಇಂಚಿನ ಆಸುಪಾಸಿನ ಗುಂಪು (ಕಾಗದದ ಮೇಲಿನ ತೂತುಗಳ ಒಟ್ಟು ಹರವು) ಕೊಡುತ್ತದೆ. ಮೂರು ಇಂಚಿನ ಗುಂಪು ಅಂದರೆ ನಡುವಿನಿಂದ ಒಂದೂವರೆ ಇಂಚು ಆಚೀಚೆ. ಎಂಟು ಇಂಚಿನ ಜಾಗಕ್ಕೆ ಅದು ಧಾರಾಳ. ಇನ್ನು ಬೇಟೆಗಾರನಿಗೆ ಬೇಕಾದದ್ದು ಐದನೇ ಈಡು ಅಲ್ಲ, ಮೊದಲನೆಯದು. ಮುಂಜಾನೆಯ ಚಳಿಯಲ್ಲಿ ತಣ್ಣಗಿರುವ ನಳಿಗೆಯ ಮೊದಲ ಈಡು. ಹಾಗಾಗಿ ನಾನು ಗುರಿ ನೋಡುವಾಗ ಒಂದು ಈಡು ಹೊಡೆದು, ನಳಿಗೆ ಪೂರ್ತಿ ತಣಿಯುವವರೆಗೆ ಕಾಯುತ್ತೇನೆ. ಆಮೇಲೆ ಇನ್ನೊಂದು. ಚೀಲವನ್ನು ನಳಿಗೆಯ ಕೆಳಗೆ ಇಡದೆ, ಮುಂದಿನ ಮರದ ಬುಡಕ್ಕೆ, ಉಕ್ಕಿನ ಮೈಯ ಹತ್ತಿರ ಇಡುತ್ತೇನೆ. ಹೀಗೆ ನೋಡಿದಾಗ ಅದೇ ಕೋವಿಯ ಕಾಗದ ಬೇರೆಯೇ ಕಾಣುತ್ತದೆ. ದೂರದ ಮಿತಿ ಮಾತ್ರ ಇದ್ದೇ ಇದೆ. ನೂರು ಗಜಕ್ಕೆ ಸರಿಯಾಗಿ ಕೂರಿಸಿದ .30-30 ಗುಂಡು ಇನ್ನೂರು ಗಜದಲ್ಲಿ 8 ಇಂಚಿನಷ್ಟು ಇಳಿದಿರುತ್ತದೆ. ನೂರು ಗಜದಲ್ಲಿ ಎರಡೂವರೆ ಇಂಚು ಮೇಲೆ ಬೀಳುವ ಹಾಗೆ ಕೂರಿಸಿದರೆ ಇನ್ನೂರಕ್ಕೆ ಮೂರು ಇಂಚು ಕೆಳಗೆ ಬೀಳುತ್ತದೆ. ಅದರಾಚೆ ಈ ಕೋವಿಯಿಂದ ಜೀವದ ಮೇಲೆ ಈಡು ಹೊಡೆಯಬಾರದು. ಗಾಯಗೊಂಡ ಪ್ರಾಣಿ ಓಡಿಹೋಗಿ ನರಳುವುದಕ್ಕಿಂತ ಈಡು ಬಿಡುವುದೇ ಮೇಲು.

ಕೊರತೆಗಳನ್ನು ನೀಗಿಸಲು ಬೇರೆ ಕಂಪನಿಗಳೂ ಹೊರಟವು. ಮಾರ್ಲಿನ್ ಕಂಪನಿ 1889ರಲ್ಲೇ ಮೇಲ್ಭಾಗ ಮುಚ್ಚಿ, ಖಾಲಿ ತೋಟಾ ಪಕ್ಕದಿಂದ ಹಾರುವ ಹಾಗೆ ಮಾಡಿತು. ಅದರ ಬೆಲೆ ಟೆಲಿಸ್ಕೋಪ್ ಬಂದ ಮೇಲೆ ಗೊತ್ತಾಯಿತು. ಹಳೆ ವಿಂಚೆಸ್ಟರ್‌ನಲ್ಲಿ ತೋಟಾ ನೇರ ಮೇಲಕ್ಕೆ ಹಾರುವುದರಿಂದ ಅಲ್ಲಿ ಟೆಲಿಸ್ಕೋಪ್ ಕೂರಿಸುವಂತಿಲ್ಲ. 1948ರ ಮಾರ್ಲಿನ್ 336ಕ್ಕೆ ಸುಲಭವಾಗಿ ಕೂರಿಸಬಹುದು. ಆಗ ಗುಂಪು ಎರಡು ಇಂಚಿಗೆ ಬರುವುದು ಅಪರೂಪವೇನಲ್ಲ.

ನನಗೆ ಬುದ್ಧಿವಂತಿಕೆಯ ದೃಷ್ಟಿಯಿಂದ ತುಂಬಾ ಇಷ್ಟ ಆರ್ಥರ್ ಸ್ಯಾವೇಜ್‌ನ 99. ಜಮೈಕಾದಲ್ಲಿ ಹುಟ್ಟಿದವನು, ನ್ಯೂಯಾರ್ಕ್ ರಾಜ್ಯದ ಯುಟಿಕಾದಲ್ಲಿ ಕಂಪನಿ ಕಟ್ಟಿದ. 1899ರಲ್ಲಿ ಬಂದ ಈ ಕೋವಿಗೆ ಕೊಳವೆಯೇ ಇಲ್ಲ. ಹೊಟ್ಟೆಯೊಳಗೆ ತಿರುಗುವ ಹಿತ್ತಾಳೆಯ ಚಕ್ರ, ಅದರ ಸುತ್ತ ಒಂದೊಂದು ತೋಟಾಕ್ಕೂ ಬೇರೆ ಬೇರೆ ಜಾಗ. ಎಷ್ಟು ಉಳಿದಿವೆ ಅಂತ ಪಕ್ಕದ ಕಿಂಡಿಯಲ್ಲಿ ಅಂಕಿ ಕಾಣುತ್ತದೆ. ಹೊರಗೆ ಕಾಣುವ ಕುದುರೆ ಇಲ್ಲ. ತೋಟಾಗಳು ಒಂದನ್ನೊಂದು ಮುಟ್ಟುವುದಿಲ್ಲವಾದ್ದರಿಂದ ಚೂಪು ಗುಂಡು ಹಾಕಬಹುದು. 1915ರಲ್ಲಿ ಇದಕ್ಕೆ ಬಂದ .250-3000 ತೋಟಾ 87 ಗ್ರೇನ್ ಗುಂಡನ್ನು ಸೆಕೆಂಡಿಗೆ 3,000 ಅಡಿ ವೇಗದಲ್ಲಿ ಕಳಿಸಿತು. ಹೆಸರಿನಲ್ಲಿರುವ 3000 ಅದೇ. ಚೆನ್ನಾಗಿ ಇಟ್ಟುಕೊಂಡ ಸ್ಯಾವೇಜ್ 99 ಎಷ್ಟೋ ಬೋಲ್ಟ್ ರೈಫಲ್‌ಗಳ ಪಕ್ಕದಲ್ಲಿ ನಾಚಿಕೆ ಇಲ್ಲದೆ ನಿಲ್ಲುತ್ತದೆ.

ಆಮೇಲೆ ವಿಂಚೆಸ್ಟರ್ ಕಂಪನಿಯೇ 1955ರಲ್ಲಿ ಮಾಡೆಲ್ 88 ತಂದಿತು. ಒಂದೇ ತುಂಡಿನ ಸ್ಟಾಕ್, ಮುಂದಿನಿಂದ ಬೀಗ ಹಾಕುವ ತಿರುಗುವ ಬೋಲ್ಟ್, ಕಳಚಿ ತೆಗೆಯುವ ಮ್ಯಾಗಜೀನ್, .308 ತೋಟಾ. ನಾನು ಇಲ್ಲಿವರೆಗೆ ಹೇಳಿದ ಒಂದೊಂದು ಕೊರತೆಯನ್ನೂ ಸರಿ ಮಾಡಿದ್ದರು. ಗುರಿಯೂ ಚೆನ್ನಾಗಿತ್ತು. 1973ರಲ್ಲಿ ಅದು ನಿಂತುಹೋಯಿತು. 1894ರ ಹಳೆ ಮಾದರಿ ನ್ಯೂ ಹೇವನ್‌ನಲ್ಲಿ 2006ರವರೆಗೂ ತಯಾರಾಗುತ್ತಲೇ ಇತ್ತು. ಯಾಕೆ? ಇದೇ ನನ್ನ ಮಾತಿನ ಮುಖ್ಯ ಜಾಗ.

ಗುರಿ ಕೆಡಿಸುವ ಆ ಕೊಳವೆ ಇದೆಯಲ್ಲ, ಅದರಿಂದಲೇ ಕೋವಿಯ ಹೊಟ್ಟೆ ಚಪ್ಪಟೆ. ಕೆಳಗೆ ಮ್ಯಾಗಜೀನ್ ಚಾಚಿಲ್ಲ, ಪಕ್ಕದಲ್ಲಿ ಬೋಲ್ಟಿನ ಹಿಡಿ ಇಲ್ಲ. ಮೂರು ಕೆಜಿ ತೂಕ. ತೂಕದ ನಡು ಸರಿಯಾಗಿ ಉಕ್ಕಿನ ಮೈಯ ಕೆಳಗೆ ಬರುತ್ತದೆ. ಅಲ್ಲಿ ಒಂದು ಕೈಯಲ್ಲಿ ಹಿಡಿದರೆ ಬೆರಳುಗಳು ಸುತ್ತಲೂ ಕೂರುತ್ತವೆ, ದಿನವಿಡೀ ಹಿಡಿದು ನಡೆಯಬಹುದು. ಕುದುರೆ ಸವಾರರು ಜೀನಿನ ಪಕ್ಕ ಸಿಕ್ಕಿಸಿಕೊಂಡದ್ದೂ ಅದಕ್ಕೇ. ಲಿವರನ್ನು ಕೆಳಗೆ ತಳ್ಳಿ ಮೇಲೆ ಎಳೆದರೆ ಸಾಕು. ಕೋವಿಯನ್ನು ಹೆಗಲಿಂದ ಇಳಿಸದೆ ಎರಡನೇ ತೋಟಾ ಏರುತ್ತದೆ. ಕುದುರೆ ಹೊರಗೆ ಕಾಣುತ್ತದೆ, ಏರಿದೆಯೋ ಇಲ್ಲವೋ ಕತ್ತಲಲ್ಲೂ ಹೆಬ್ಬೆರಳಿಗೆ ತಿಳಿಯುತ್ತದೆ. ಮಾಡೆಲ್ 88ರಲ್ಲಿ ಗುರಿ ಸಿಕ್ಕಿತು, ಇವುಗಳಲ್ಲಿ ಬಹಳಷ್ಟು ಹೋಯಿತು. ಪೆನ್ಸಿಲ್ವೇನಿಯಾ, ಮೇಯ್ನ್ ಕಡೆಯ ದಟ್ಟ ಕಾಡಿನಲ್ಲಿ ಐವತ್ತು ಅರುವತ್ತು ಗಜದಾಚೆ ಜಿಂಕೆ ಕಾಣುವುದೇ ಕಡಿಮೆ. ಅಲ್ಲಿನವರಿಗೆ ಕಾಗದದ ಮೇಲಿನ ಅರ್ಧ ಇಂಚಿಗಿಂತ ಇವೇ ಜಾಸ್ತಿ ಕೆಲಸಕ್ಕೆ ಬಂದವು. ಎರಡನೇ ಮಹಾಯುದ್ಧದಲ್ಲಿ ಕೆನಡಾ ತನ್ನ ಪಶ್ಚಿಮ ಕರಾವಳಿಯ ಕಾಡು ಕಾಯುವ ಸ್ವಯಂಸೇವಕರ ಕೈಗೆ 1894ರ ವಿಂಚೆಸ್ಟರ್ ಕೊಟ್ಟದ್ದು ಸುಮ್ನೆ ಅಲ್ಲ.

ಇನ್ನು ನಮ್ಮೂರಿನ ಒಂದು ನಂಟು. ಬ್ರೌನಿಂಗ್‌ನ 1895ರ ಮಾದರಿಗೆ ಕೊಳವೆಯ ಬದಲು ಹೊಟ್ಟೆಯ ಕೆಳಗೆ ಪೆಟ್ಟಿಗೆ ಇತ್ತು. ಇದಕ್ಕೆ 1904ರಲ್ಲಿ .405 ಎಂಬ ದೊಡ್ಡ ತೋಟಾ ಬಂತು, 300 ಗ್ರೇನ್ ಗುಂಡು. ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಒಯ್ದ ಕೋವಿಗಳಲ್ಲಿ ಇದೂ ಒಂದು. ಸಿಂಹಕ್ಕೆ ತನ್ನ ಪಾಲಿಗೆ ಇದೇ ಔಷಧಿ ಅಂತ ಬರೆದರು. ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕ ಹುಲಿ, ಚಿರತೆಗಳ ಹಿಂದೆ ಹೋಗುವಾಗ ಅವರ ಕೈಯಲ್ಲಿದ್ದದ್ದೂ ಇದೇ .405 ವಿಂಚೆಸ್ಟರ್. ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಆ ಕಾಡಿನ ಕತೆಗಳನ್ನು ಓದಿದವರು ಇಲ್ಲಿ ಬಹಳ ಜನ ಇದ್ದೀರಿ. ಅಲ್ಲಿನ ಬಹುಪಾಲು ಈಡುಗಳು ಕೆಲವೇ ಗಜ ದೂರದವು. ಅಂಥ ಕಡೆ ಬೇಗ ಏರುವ ಎರಡನೇ ತೋಟಾದ ಬೆಲೆ ಏನು ಅಂತ ನಿಮಗೆ ಗೊತ್ತು.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ಹುಡುಗ ಕೇಳಿದ: "ಅಂಕಲ್, 1964ರ ಮುಂಚಿನದಕ್ಕೆ ಯಾಕೆ ಅಷ್ಟು ಬೆಲೆ?" ಖರ್ಚು ಉಳಿಸಲು ವಿಂಚೆಸ್ಟರ್ ಆ ವರ್ಷ ತಯಾರಿಕೆ ಬದಲಿಸಿತು. ಗಟ್ಟಿ ಉಕ್ಕನ್ನು ಕೊರೆದು ಮಾಡುತ್ತಿದ್ದ ಕೆಲವು ಭಾಗಗಳ ಜಾಗದಲ್ಲಿ ತಗಡು ಒತ್ತಿ ಮಾಡಿದವು ಬಂದವು. ಲಿವರ್ ಎಳೆದಾಗ ಆ ವ್ಯತ್ಯಾಸ ಕೈಗೆ, ಕಿವಿಗೆ ಎರಡಕ್ಕೂ ತಿಳಿಯುತ್ತದೆ. ಗುರಿಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಬೇಟೆಗೇ ಬೇಕು ಅನ್ನುವವರು ಆಮೇಲಿನದನ್ನು ಕೊಂಡರೂ ನಷ್ಟವಿಲ್ಲ.

"ಹಳೇದು ಕೊಳ್ಳುವಾಗ ಏನು ನೋಡಬೇಕು ಸರ್?" ಅಂತ ಇನ್ನೊಬ್ಬರು ಕೇಳಿದರು. ಹೊರಗಿನ ಬಣ್ಣ ಮಾಸಿದ್ದರೆ ಚಿಂತೆ ಬೇಡ. ನಳಿಗೆಯ ಬಾಯಿ ನೋಡಿ. ಈ ಕೋವಿಗಳನ್ನು ಬಾಯಿಯ ಕಡೆಯಿಂದಲೇ ಕಡ್ಡಿ ತೂರಿಸಿ ಒರೆಸುತ್ತಾರೆ, ವರ್ಷಗಟ್ಟಲೆ ಉಜ್ಜಿ ಅಂಚು ಸವೆದಿರುತ್ತದೆ. ಅಂಚು ಸವೆದರೆ ಗುರಿ ಹೋದ ಹಾಗೆ. ತಿರುಪುಗಳ ತಲೆ ಹರಿದಿದ್ದರೆ ಯಾರೋ ಗೊತ್ತಿಲ್ಲದೆ ಬಿಚ್ಚಿದ್ದಾರೆ ಅಂತ ಅರ್ಥ. ಲಿವರ್ ಮುಚ್ಚಿದಾಗ ಸಡಿಲ ಆಡಬಾರದು. ಟೆಲಿಸ್ಕೋಪ್ ಹಾಕಲು ಹಳೆ ಕೋವಿಗೆ ಹೊಸ ತೂತು ಕೊರೆಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. ನೂರು ವರ್ಷ ಹಾಗೇ ಉಳಿದು ಬಂದ ವಸ್ತು ಅದು. ಟೆಲಿಸ್ಕೋಪ್ ಬೇಕೇಬೇಕು ಅಂದರೆ ಮಾರ್ಲಿನ್ ಕೊಳ್ಳಿ.

ಕೊನೆಗೆ ತೋಟಾ. ನಳಿಗೆಯ ಮೇಲೆ ಏನು ಕೆತ್ತಿದ್ದಾರೆ ಅಂತ ಓದದೆ ದುಡ್ಡು ಕೊಡಬೇಡಿ. .30-30 ಇಲ್ಲಿ ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಹಳೆ ಸ್ಯಾವೇಜ್ 99ರ ಮೇಲೆ .303 ಸ್ಯಾವೇಜ್ ಅಂತ ಇದ್ದರೆ ತೋಟಾ ಹುಡುಕುವುದು ಕಷ್ಟ. .303 ಬ್ರಿಟಿಷ್ ಬೇರೆಯೇ ತೋಟಾ, ಹೆಸರು ಹತ್ತಿರ ಇದೆ ಅಂತ ಅದನ್ನು ಇದರಲ್ಲಿ ಹಾಕಲೇಬಾರದು. ಕೊಳ್ಳುವ ಮುಂಚೆ ಕೋವಿ ರಿಪೇರಿ ಗೊತ್ತಿರುವ ಒಬ್ಬರಿಗೆ ತೋರಿಸಿ, ತೋಟಾ ಎಲ್ಲಿ ಸಿಗುತ್ತದೆ ಅಂತ ಅಲ್ಲೇ ಕೇಳಿಕೊಳ್ಳಿ.